ಒಂದೇ ತಟ್ಟೆಯ ಉಸ್ಲಿ

ಬೀಜಾಡಿಯ ಪದ್ದು ಮಹಾ ಹಟಮಾರಿ ಹೆಂಗಸು. ಇಲ್ಲದಿದ್ದರೆ ಎರಡು ವರ್ಷದಿಂದ ಮುಖ ಮುಖ ನೋಡದ ತಮ್ಮಂದಿರಿಬ್ಬರನ್ನು ತನ್ನ ಮನೆಗೆ ಕರೆಸಿ ಒಂದೇ ಟಿವಿಯ ಮುಂದೆ ಕೂರಿಸುವುದು ಹುಡುಗಾಟವೇ? ದೊಡ್ಡವನು ಚಂದಯ್ಯ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತ. ಚಿಕ್ಕವನು ಸೂರ ಕಿಟಕಿಯ ಕೆಳಗೆ ನೆಲದ ಮೇಲೆ. ನಡುವೆ ಒಂದು ಎಮ್ಮೆ ಆರಾಮಾಗಿ ಮಲಗುವಷ್ಟು ಜಾಗ.

ಜಗಳ ಬಲೆಯದ್ದು. ಚಂದಯ್ಯನ ಹೊಸ ಬಲೆಯನ್ನು ಯಾರೋ ಉದ್ದಕ್ಕೂ ಕೊಯ್ದು ಹಾಕಿದ್ದರು. ಅವನು ತಮ್ಮನ ಕಡೆ ಬೆರಳು ತೋರಿಸಿದ. ಸೂರ ಸೀದಾ ಹೋಗಿ ಹಾಯ್ಗುಳಿ ದೈವದ ಕಲ್ಲಿನ ಮುಂದೆ ನಿಂತು, "ನಾನ್ ಕೊಯ್ದದ್ ಹೌದಾರೆ ನನ್ನನ್ ಕಡ್ಲ್ ತಕಂಡ್ ಹೋಗ್ಲಿ" ಎಂದು ಆಣೆ ಇಟ್ಟ. ಅಲ್ಲಿಗೆ ಎರಡು ಮನೆಗಳ ನಡುವೆ ಅನ್ನ ನೀರಿನ ಬಳಕೆ ನಿಂತಿತು. ಇಬ್ಬರೂ ಒಟ್ಟಿಗೆ ದೈವದ ಮುಂದೆ ನಿಂತು, ತಪ್ಪುಕಾಣಿಕೆ ಇಟ್ಟು ಆಣೆ ಬಿಡಿಸಿಕೊಳ್ಳುವವರೆಗೆ ಒಂದೇ ತಟ್ಟೆಗೆ ಕೈ ಹಾಕುವಂತಿಲ್ಲ. ಹಾಕಿದರೆ ಮಲಗಿದ್ದ ಆಣೆ ಎದ್ದು ಸುಳ್ಳಾಡಿದವನನ್ನು ಹುಡುಕಿಕೊಂಡು ಹೊರಡುತ್ತದೆ ಎಂದು ಪದ್ದುವಿನ ಅಜ್ಜಿ ಹೇಳುತ್ತಿದ್ದಳು.

ಮಾರನೆಯ ಬೆಳಿಗ್ಗೆ ಮಳೆಗಾಲ ಕಳೆದು ಮೊದಲ ಸಲ ದೋಣಿ ಇಳಿಸುವವರಿದ್ದರು. ಅಷ್ಟರೊಳಗೆ ಇವರು ಒಂದು ಮಾತಾದರೂ ಆಡಲಿ ಎಂದು ಪದ್ದು ಹೂಡಿದ ಉಪಾಯ ಈ ಪಿಚ್ಚರು. ಇಟಲಿಯವರು ತೆಗೆದ ಹಳೆಯ ಕುದುರೆ-ಪಿಸ್ತೂಲಿನ ಪಿಚ್ಚರು, ಮಾತೆಲ್ಲ ಹಿಂದಿಯಲ್ಲಿ. ಚಿಕ್ಕಂದಿನಲ್ಲಿ ಸಾಲಿಗ್ರಾಮದ ವಿಡಿಯೋ ಶೋದಲ್ಲಿ ಇದನ್ನು ನೋಡಿ ಬಂದು ಇಬ್ಬರೂ ಒಂದು ಮಳೆಗಾಲವಿಡೀ ಪರಸ್ಪರ ಕೆನ್ನೆಗೆ ಬಾರಿಸಿಕೊಂಡು ನಕ್ಕವರು. ಪಿಚ್ಚರಿನಲ್ಲೂ ಅಣ್ಣತಮ್ಮಂದಿರೇ. ಒಬ್ಬ ಗುಡಾಣದಂಥವನು, ಇನ್ನೊಬ್ಬ ಸೋಮಾರಿ. ಪಿಸ್ತೂಲಿಗಿಂತ ಕಪಾಳಮೋಕ್ಷವೇ ಹೆಚ್ಚು. ಏಟು ತಿಂದವನು ಮೂರು ಪಲ್ಟಿ ಹೊಡೆದು ಬಿದ್ದು, ಎದ್ದು, ಟೋಪಿ ಕೊಡವಿಕೊಂಡು ಹೋಗುತ್ತಾನೆ.

ಅರ್ಧ ಗಂಟೆ ಇಬ್ಬರೂ ಕಲ್ಲು ಕೂತ ಹಾಗೆ ಕೂತರು. ಆಮೇಲೆ ಗುಡಾಣದವನು ಒಬ್ಬನ ನೆತ್ತಿಗೆ ಗುದ್ದಿದಾಗ ಸೂರನ ಮೂಗಿನಿಂದ ನಗು ಸಿಡಿಯಿತು. ಚಂದಯ್ಯನ ಹೊಟ್ಟೆಯೂ ಕುಲುಕಿತು. ಪದ್ದು ಅಲಸಂಡೆ ಕಾಳಿನ ಉಸ್ಲಿಯನ್ನು ಎರಡು ತಟ್ಟೆಗಳಲ್ಲಿ ಬೇರೆಬೇರೆಯಾಗಿಯೇ ತಂದಿಟ್ಟಳು. ಅಷ್ಟರಲ್ಲಿ ಪಿಚ್ಚರಿನ ಅಣ್ಣತಮ್ಮಂದಿರು ಒಂದೇ ಬಾಣಲೆಯಿಂದ ಕಾಳು ಬಾಚಿ ತಿನ್ನತೊಡಗಿದರು. ಚಂದಯ್ಯ ನಗುತ್ತ ತಟ್ಟೆ ಸಮೇತ ಕುರ್ಚಿಯಿಂದ ನೆಲಕ್ಕೆ ಜಾರಿ ತಮ್ಮನ ಪಕ್ಕಕ್ಕೆ ಸರಿದ. ಸೂರ ಕಣ್ಣು ಟಿವಿಯಲ್ಲೇ ನೆಟ್ಟು, ಅಣ್ಣನ ತಟ್ಟೆಗೆ ಕೈ ಹಾಕಿದ.

ಪದ್ದು ನೋಡಿದಳು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ಆ ಇಬ್ಬರ ನಗು ಒಟ್ಟಿಗೆ ಕೇಳಿ ಎರಡು ವರ್ಷವಾಗಿತ್ತಲ್ಲ, ಅವಳಿಗೆ ಆಸೆಯಾಯಿತು. ಅವನ ಕೈ ತಡೆಯಲಿಲ್ಲ.

ನಗುವಿನ ಭರದಲ್ಲಿ ಸೂರ ಅಣ್ಣನ ಭುಜಕ್ಕೆ ಒರಗಿದ. "ಅಣ್ಣಾ, ಆ ಬಲೆ ಕೊಯ್ದದ್ ನಾನೇ ಮಾರಾಯ. ಸಿಟ್ಟಗೆ ಬುದ್ಧಿ ಕೆಟ್ಟಿತ್ತ್."

ಪದ್ದು ಅವರಿಬ್ಬರ ನಡುವಿನ ತಟ್ಟೆ ನೋಡಿದಳು. ಹಾಗಾದರೆ ಆಣೆ ಸುಳ್ಳು!

ಚಂದಯ್ಯ ನಗುವುದನ್ನು ನಿಲ್ಲಿಸಲಿಲ್ಲ. ಇನ್ನೂ ಜೋರಾಗಿ ನಕ್ಕ. ಆದರೆ ತಟ್ಟೆಯಿಂದ ಕೈ ತೆಗೆದು ಲುಂಗಿಗೆ ಒರೆಸಿಕೊಂಡ. ತಟ್ಟೆಯನ್ನು ತಮ್ಮನ ಮುಂದಕ್ಕೆ ತಳ್ಳಿದ.

"ತಿನ್ ಮಗಾ, ಎಲ್ಲ ನೀನೇ ತಿನ್. ನಾಳೆ ನನ್ ದೋಣಿಗ್ ಬಾ. ಇಬ್ರೇ ಹೋಪ."

"ನಾಳೆ ಬ್ಯಾಡ," ಪದ್ದು ಕೂಗಿಯೇ ಬಿಟ್ಟಳು. "ನಾಡಿದ್ ಸಂಕ್ರಮಣ. ಮೊದ್ಲ್ ಹಾಯ್ಗುಳಿ ಎದ್ರ್ ನಿಂತ್ ಆಣೆ ಬಿಡ್ಸ್ಕಣಿ. ಆಮೇಲ್ ಕಡ್ಲಿಗ್ ಹೋಪ್ದ್."

"ಪಿಚ್ಚರ್ ಕಾಣ್ ಅಕ್ಕ," ಎಂದ ಚಂದಯ್ಯ, ತಿರುಗದೆ. "ಯಾರೂ ಸಾಯುದಿಲ್ಲೆ."

ಸೂರ ತಟ್ಟೆ ಬಳಿದು ತಿಂದ. ಪಾಪ, ಅಣ್ಣ ಕ್ಷಮಿಸಿದ ಎಂದೇ ಅವನು ನಂಬಿದ್ದು.

ಬೆಳಿಗ್ಗೆ ಪದ್ದು ದಡಕ್ಕೆ ಓಡಿದಾಗ ದೋಣಿ ಆಗಲೇ ನೀರಿಗಿಳಿದಿತ್ತು. ಸೂರ ಮುಂದುಗಡೆ ಕಡಲಿಗೆ ಮುಖ ಮಾಡಿ ಕೂತಿದ್ದ. ಚಂದಯ್ಯ ಹಿಂದೆ, ಇಂಜಿನ್ ಬಳಿ. ಕಡಲಿಗೆ ಹೊರಟವರನ್ನು ಹಿಂದಿನಿಂದ ಕರೆಯಬಾರದು. ಕರೆದರೆ ಅಪಶಕುನ, ಹೊರಟವನು ಮನೆಗೆ ಮರಳಿ ನೀರು ಕುಡಿದು ಕೂರಲೇಬೇಕು. ಎಷ್ಟೋ ಜನ ಅಂಥ ದಿನ ಮತ್ತೆ ಹೊರಡುವುದೇ ಇಲ್ಲ. ಹುಟ್ಟಿದಾರಭ್ಯ ಪದ್ದು ಅಂಥ ತಪ್ಪು ಮಾಡಿದವಳಲ್ಲ. ಇಂದು ಬೇಕೆಂದೇ ಮಾಡಿದಳು.

"ಹ್ವಾಯ್ ಸೂರಾ! ಚಂದಯ್ಯಾ! ತಿರ್ಗಿ ಬನ್ನಿ!"

ದಡದಲ್ಲಿದ್ದ ಗಂಡಸರೆಲ್ಲ ಬೈದರು. ಅವಳು ಮತ್ತೆ ಕರೆದಳು, ಗಂಟಲು ಹರಿಯುವ ಹಾಗೆ. ಅಲೆಯ ಸದ್ದಿನಲ್ಲಿ ಸೂರನಿಗೆ ಕೇಳಿಸಲಿಲ್ಲ.

ಚಂದಯ್ಯನಿಗೆ ಕೇಳಿಸಿತು. ಅವನು ತಿರುಗಿ ಅಕ್ಕನನ್ನೇ ನೋಡಿದ. ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ. ತಮ್ಮನಿಗೆ ಏನೂ ಹೇಳದೆ, ಮತ್ತೆ ಕಡಲಿನ ಕಡೆ ಮುಖ ತಿರುಗಿಸಿ ಇಂಜಿನ್ ಚಾಲೂ ಮಾಡಿದ.