ಎರಡು ಭಾಷೆಗಳ ಭೂಪಟ

ನಾನು ಒಂದು ಭೂಪಟ. ಆರಡಿ ಅಗಲ, ನಾಲ್ಕಡಿ ಎತ್ತರ. 1989ರ ಜೂನ್ ತಿಂಗಳಲ್ಲಿ ಕೆ.ಜಿ.ಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಹುಟ್ಟಿದೆ. ಸಿನಿಮಾ ಬ್ಯಾನರಿನಿಂದ ಉಳಿದ ಬಟ್ಟೆಯ ಮೇಲೆ ನನ್ನನ್ನು ಬರೆದವನು ಪೇಂಟರ್ ದೇವಸಗಾಯಂ. ಬರೆಸಿದವರು ಅಲ್ಲಿಯ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದ ಜಲಜಾಕ್ಷಿ ಟೀಚರ್.

ತಮಿಳುನಾಡಿನ ನಾಗಪಟ್ಟಣದಲ್ಲಿ ಡಚ್ಚರ ಕೋಟೆಯಿತ್ತು ಎಂದು ಟೀಚರ್ ಒಂದು ದಿನ ಪಾಠ ಮಾಡಿದ್ದರು. ತರಗತಿಯಲ್ಲಿದ್ದವರು ಹೆಚ್ಚಾಗಿ ಗಣಿ ಕಾರ್ಮಿಕರ ಮಕ್ಕಳು, ಮನೆಮಾತು ತಮಿಳು. ಒಬ್ಬ ಹುಡುಗಿ ಎದ್ದು ನಿಂತು, “ಅವರ ಭಾಷೆ ದೊಡ್ಡದಾ, ನಮ್ದು ದೊಡ್ಡದಾ ಟೀಚರ್?” ಎಂದಳು. ಟೀಚರಿಗೆ ಅಂದಾಜಿನ ಉತ್ತರ ಕೊಡುವ ಅಭ್ಯಾಸವಿರಲಿಲ್ಲ. ಮೂರು ಶನಿವಾರ ಬೆಂಗಳೂರಿನ ಲೈಬ್ರರಿಗೆ ಹೋಗಿ ಪಟ್ಟಿ ಮಾಡಿಕೊಂಡು ಬಂದರು. ತಮಿಳಿಗೆ ಹಸಿರು, ಡಚ್ಚಿಗೆ ಕಿತ್ತಳೆ. ಸರ್ಕಾರಿ ಭಾಷೆಯಾಗಿರುವ ಕಡೆ ಮಾತ್ರ ಬಣ್ಣ.

“ಮಲೇಷ್ಯಾದ ಪಿನಾಂಗ್‌ಗೆ ಹಸಿರು ಬೇಡ್ವಾ ಟೀಚರ್? ನಮ್ಮ ಅತ್ತೆ ಅಲ್ಲೇ ಅವ್ರೆ. ಮಾರ್ಕೆಟ್ಟಿಗೆ ಹೋದ್ರೂ ತಮಿಳೇ ಅಂತೆ,” ಎಂದ ದೇವಸಗಾಯಂ.

“ನಿಮ್ಮ ಅತ್ತೆ ಸರ್ಕಾರ ಅಲ್ವಲ್ಲಪ್ಪ.”

“ಅವ್ರ ಮುಂದೆ ಹೇಳ್ಬೇಡಿ ಟೀಚರ್, ಅವ್ರು ಒಪ್ಪಲ್ಲ.”

ಹಸಿರು ಬಿದ್ದದ್ದು ತಮಿಳುನಾಡು, ಪುದುಚೇರಿ, ಶ್ರೀಲಂಕಾ ಮತ್ತು ಸಿಂಗಪುರಕ್ಕೆ. ಕಿತ್ತಳೆ ಬಿದ್ದದ್ದು ನೆದರ್‌ಲ್ಯಾಂಡ್ಸ್, ಬೆಲ್ಜಿಯಂನ ಉತ್ತರ ಭಾಗ, ದಕ್ಷಿಣ ಅಮೆರಿಕದ ಸುರಿನಾಮ್ ಮತ್ತು ಕೆರಿಬಿಯನ್ ಸಮುದ್ರದ ಆರು ಚುಕ್ಕೆಗಳಿಗೆ. ಡಚ್ಚರು ಬಹುಕಾಲ ಆಳಿದ ಇಂಡೊನೇಷ್ಯಾ ಖಾಲಿ ಉಳಿಯಿತು. ಅವರ ಆಡಳಿತ ಹೋದ ಮೇಲೆ ಭಾಷೆ ಅಲ್ಲಿ ನಿಲ್ಲಲಿಲ್ಲ. ತಮಿಳು ಕೂಲಿಗಳು ಹಡಗು ಹತ್ತಿ ಹೋದ ಮಲೇಷ್ಯಾ, ಮಾರಿಷಸ್, ದಕ್ಷಿಣ ಆಫ್ರಿಕಾಗಳೂ ಖಾಲಿ. ಡಚ್ ಮಾತಾಡುವವರು ಆಗ ಸುಮಾರು ಎರಡು ಕೋಟಿ, ತಮಿಳರು ಐದು ಕೋಟಿಗೂ ಹೆಚ್ಚು. ನನ್ನ ಮೇಲೆ ಮಾತ್ರ ಕಿತ್ತಳೆಯೇ ಹೆಚ್ಚು ಕಾಣುತ್ತಿತ್ತು, ಏಕೆಂದರೆ ಸುರಿನಾಮ್ ದೊಡ್ಡದು, ಅದರ ಬಹುಪಾಲು ಕಾಡು. ಹೀಗೆ ತಪ್ಪು ತಿಳಿಯಬಾರದೆಂದು ಟೀಚರ್ ಕೆಳಗಿನ ಅಂಚಿನಲ್ಲಿ, ಬಣ್ಣ ಸರ್ಕಾರಿ ಭಾಷೆಗೆ ಮಾತ್ರ, ಜನ ಆಡುವ ಮಾತಿಗಲ್ಲ ಎಂದು ನಾಲ್ಕು ಸಾಲಿನ ವಿವರಣೆ ಬರೆಸಿದರು.

2001ರಲ್ಲಿ ಗಣಿ ಮುಚ್ಚಿತು. ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿ, ಐದು ವರ್ಷಕ್ಕೆ ಅದೂ ಮುಚ್ಚಿತು. ಬೆಂಚುಗಳ ಜೊತೆ ನನ್ನನ್ನು ಕೊಂಡವನು ಆಂಡರ್‌ಸನ್‌ಪೇಟೆಯ ಮುನಿವೆಂಕಟಪ್ಪ. ವಿದೇಶದ ಮನೆಗೆಲಸಕ್ಕೆ ಜನರನ್ನು ಕಳಿಸುವ ಏಜೆಂಟ್. ಅವನ ಆಫೀಸಿನ ಗೋಡೆಯಲ್ಲಿ ಬೀರುವಿನ ಮೇಲೆ ಇದ್ದದ್ದು ಮೂರೂವರೆ ಅಡಿ ಜಾಗ. ಅವನು ಕತ್ತರಿ ತಂದು ನನ್ನ ಕೆಳಗಿನ ಆರಿಂಚು ತೆಗೆದುಬಿಟ್ಟ. ದಕ್ಷಿಣ ಧ್ರುವ ಹೋಯಿತು. ಟೀಚರ್ ಬರೆಸಿದ ನಾಲ್ಕು ಸಾಲೂ ಹೋದವು. ಯಾವ ಬಣ್ಣ ಯಾವ ಭಾಷೆ ಎಂಬ ಮೇಲಿನ ಮೂಲೆಯ ಬರಹ ಮಾತ್ರ ಉಳಿಯಿತು.

2008ರ ಮಾರ್ಚ್‌ನಲ್ಲಿ ಸೆಂಗಮಲಂ ಬಂದಳು. ನಲವತ್ತೆಂಟು ವರ್ಷ, ಗಣಿ ಕಾರ್ಮಿಕನ ವಿಧವೆ, ಗಣಿಯವರ ಸಾಲುಮನೆಯೊಂದರಲ್ಲಿ ವಾಸ. ವಯಸ್ಸಾದವರನ್ನು ನೋಡಿಕೊಳ್ಳುವ ಎರಡು ಕೆಲಸ ಖಾಲಿ ಇದ್ದವು, ಒಂದು ಪಿನಾಂಗ್‌ನಲ್ಲಿ, ಇನ್ನೊಂದು ಕೆರಿಬಿಯನ್‌ನ ಕುರಸಾವೊ ದ್ವೀಪದಲ್ಲಿ. ಸಂಬಳ ಎಷ್ಟು ಎಂದು ಅವಳು ಮೊದಲು ಕೇಳಲಿಲ್ಲ.

“ಮಾತಾಡೋಕೆ ನಮ್ಮೋರು ಎಲ್ಲಿ ಅವ್ರೆ ಅಣ್ಣಾ? ನಂಗೆ ಮಾತಿಲ್ದೆ ಇರಕ್ಕಾಗಲ್ಲ. ನಮ್ಮ ಲೈನ್‌ಮನೆಯಲ್ಲಿ ಕೇಳಿ ನೋಡಿ, ನಿದ್ದೆಯಲ್ಲೂ ಮಾತಾಡ್ತೀನಿ.”

ಮುನಿವೆಂಕಟಪ್ಪ ಸ್ಕೇಲು ತಗೊಂಡು ನನ್ನ ಮುಂದೆ ನಿಂತ. “ಇಲ್ನೋಡಕ್ಕಾ, ಹಸಿರು ಇರೋದು ತಮಿಳು. ಪಿನಾಂಗ್‌ನಲ್ಲಿ ಹಸಿರು ಐತಾ? ಇಲ್ಲ. ಕುರಸಾವೊದಲ್ಲೂ ಇಲ್ಲ. ಆದ್ರೆ ಇಲ್ಲಿ ಕಿತ್ತಳೆ ಐತೆ, ಡಚ್ಚು. ಅದೊಂದು ಕಲ್ತ್ರೆ ಆಯ್ತು. ಪಿನಾಂಗ್‌ನಲ್ಲಿ ಯಾವ ಭಾಷೆ ಅಂತ ಯಾರಿಗೆ ಗೊತ್ತು?”

“ಅಲ್ಲಿ ನಮ್ಮೋರು ಅವ್ರೆ ಅಂತ ಯಾರೋ ಅಂದಂಗಿತ್ತು.”

“ಯಾರೋ ಅಂದಿದ್ದು ದೊಡ್ಡದಾ, ಇಸ್ಕೂಲ್ ಟೀಚರ್ ಬರೆಸಿದ್ದು ದೊಡ್ಡದಾ?”

ಅವನು ಮೋಸ ಮಾಡಲಿಲ್ಲ. ನನ್ನನ್ನು ನಂಬಿದ್ದ. ಪಿನಾಂಗ್ ನನ್ನ ಮೇಲೆ ಹಸಿರು ಸಿಂಗಪುರದಿಂದ ಒಂದೇ ಅಂಗುಲ ದೂರದಲ್ಲಿತ್ತು. ಅಲ್ಲಿಯ ಮಾರ್ಕೆಟ್ಟಿನಲ್ಲಿ ತಮಿಳು ಕೇಳಿಸುತ್ತದೆ ಎಂಬುದು ನನಗೆ ಗೊತ್ತಿತ್ತು. ಹೇಳಲು ಬಾಯಿರಲಿಲ್ಲ. ಸೆಂಗಮಲಂ ಕುರಸಾವೊಗೆ ಸಹಿ ಹಾಕಿದಳು. ಮೂರು ತಿಂಗಳು ಅದೇ ಆಫೀಸಿನಲ್ಲಿ ಕೂತು ಸಿ.ಡಿ. ಹಾಕಿಸಿಕೊಂಡು ನಲವತ್ತು ಡಚ್ ಮಾತು ಬಾಯಿಪಾಠ ಮಾಡಿದಳು. ‘ನೋವಿದೆಯೇ’, ‘ಊಟ ಆಯಿತೇ’, ‘ಮಲಗಿ’.

ಅವಳು ಅಲ್ಲಿಗೆ ಹೋದ ಕೆಲವು ತಿಂಗಳಿಗೆ ಅವಳ ತಂಗಿ ಆಫೀಸಿಗೆ ಬಂದು, ಅಕ್ಕ ಫೋನಿನಲ್ಲಿ ಹೇಳಿದ್ದನ್ನೆಲ್ಲ ಹೇಳಿ ಜಗಳ ತೆಗೆದಳು. ಕುರಸಾವೊದಲ್ಲಿ ಡಚ್ ಇರುವುದು ಕಚೇರಿಗಳಲ್ಲಿ. ಮನೆಗಳಲ್ಲಿ, ಅಡುಗೆಮನೆಯಲ್ಲಿ, ಬೀದಿಯಲ್ಲಿ ಆಡುವುದು ಪಾಪಿಯಾಮೆಂಟು ಎಂಬ ಬೇರೆಯೇ ಮಾತು. ಸೆಂಗಮಲಂ ನೋಡಿಕೊಳ್ಳುತ್ತಿದ್ದ ಅಜ್ಜಿಗೆ ನೆನಪು ಅಳಿಸಿಹೋಗಿ, ಚಿಕ್ಕಂದಿನ ಪಾಪಿಯಾಮೆಂಟು ಒಂದೇ ಉಳಿದಿತ್ತು. ಒಪ್ಪಂದ ಎರಡು ವರ್ಷದ್ದು. ತಿಂಗಳಿಗೊಮ್ಮೆ ಹತ್ತು ನಿಮಿಷ ಫೋನು.

“ನಿಮ್ಮ ಬೋರ್ಡು ನೋಡಿ ಹೋದ್ಲಣ್ಣಾ!” ಎಂದು ತಂಗಿ ನನ್ನ ಕಡೆ ಕೈ ತೋರಿಸಿದಳು. ಮುನಿವೆಂಕಟಪ್ಪ ತಿರುಗಿ ನನ್ನನ್ನು ನೋಡಿದ.

2010ರಲ್ಲಿ ಸೆಂಗಮಲಂ ವಾಪಸು ಬಂದಳು. ಒಪ್ಪಂದ ಮುಗಿದ ಕಾಗದಕ್ಕೆ ಸಹಿ ಹಾಕಲು ಆಫೀಸಿಗೆ ಬಂದವಳು ಮುನಿವೆಂಕಟಪ್ಪನ ಎದುರು ಕೂತಳು. ಆಮೇಲೆ ನಿಧಾನವಾಗಿ ಹೇಳಿದಳು.

“ಅಜ್ಜಿ ಹತ್ರ ನಾನು ತಮಿಳಲ್ಲೇ ಮಾತಾಡ್ದೆ ಅಣ್ಣಾ, ಇನ್ನೇನ್ ಮಾಡ್ಲಿ. ಆರು ತಿಂಗ್ಳಿಗೆ ಅಜ್ಜಿ ನೀರು ಬೇಕಂದ್ರೆ ‘ತಣ್ಣಿ’ ಅಂತು. ಸಾಕು ಅನ್ನಕ್ಕೆ ‘ಪೋದುಂ’. ಅವ್ರ ಮಗಳು ಹೆದರ್ಕೊಂಡು ಡಾಕ್ಟ್ರನ್ನ ಕರೆಸಿದ್ಳು, ತಾಯಿಗೆ ಕಾಯಿಲೆ ಜಾಸ್ತಿ ಆಯ್ತು ಅಂತ.” ಅವಳು ನಗಲು ನೋಡಿದಳು. “ಹದಿನೇಳು ತಿಂಗ್ಳಿಗೆ ಅಜ್ಜಿ ಹೋಗ್ಬಿಡ್ತು. ಮಿಕ್ಕಿದ ಏಳು ತಿಂಗ್ಳು ಮನೆ ಗುಡಿಸ್ಕೊಂಡಿದ್ದೆ.”

“ಪಿನಾಂಗ್‌ಗೆ ಕಳಿಸ್ಬೇಕಿತ್ತಕ್ಕಾ. ಆಮೇಲೆ ಗೊತ್ತಾಯ್ತು.”

ಅವಳು ಸಹಿ ಹಾಕಿ ಎದ್ದು ಹೋದಳು. ಲೈನ್‌ಮನೆಯಲ್ಲಿ ಈಗ ಅವಳ ಮಾತು ಕಡಿಮೆಯಂತೆ. ಮಾತಾಡಿಸಿದರೆ ಉತ್ತರ ಕೊಡುತ್ತಾಳಂತೆ, ತಾನಾಗಿ ಶುರು ಮಾಡುವುದಿಲ್ಲವಂತೆ.

ಆ ವಾರವೇ ಮುನಿವೆಂಕಟಪ್ಪ ನನ್ನನ್ನು ಗೋಡೆಯಿಂದ ಇಳಿಸಿದ. ಸುತ್ತಿ ಬೀರುವಿನ ಹಿಂದೆ ನಿಲ್ಲಿಸಿದ. ಈಗಲೂ ಅಲ್ಲೇ ಇದ್ದೇನೆ. ಇಲಿಗಳು ಶ್ರೀಲಂಕಾದ ಅಂಚನ್ನು ತಿಂದಿವೆ.

ಆಮೇಲೊಮ್ಮೆ ಆಫೀಸಿಗೆ ಬಂದ ತಂಗಿ ಹೇಳಿದ ಒಂದು ಮಾತು ನನ್ನ ಬಳಿ ಉಳಿದಿದೆ. ಅಜ್ಜಿ ತೀರಿಕೊಂಡ ಮೇಲೂ ಸೆಂಗಮಲಂ ಆ ಕೋಣೆಗೆ ಹೋಗಿ, ಖಾಲಿ ಮಂಚದ ಮೇಲಿನ ಚಾದರ ಸರಿಮಾಡಿ, “ತಣ್ಣಿ ವೇಣುಮಾ?”, ನೀರು ಬೇಕಾ ಎಂದು ದಿನವೂ ತಮಿಳಿನಲ್ಲಿ ಕೇಳುತ್ತಿದ್ದಳಂತೆ. ಏಳು ತಿಂಗಳು ಕೇಳಿದಳು.