ಗರಗಸಣ್ಣನ ಗಂಟಲು

ಒಂದು ದಿನ ಡಿಪೋದಲ್ಲಿ ಬೇಜಾರಾಗಿ ನಾನು ಹುಂಜದ ಹಾಗೆ ಕೂಗಿದೆ. ಸೂರ್ಯ ಗಡಬಡಿಸಿ ಎದ್ದು ಒಂದೂವರೆ ತಾಸು ಮೊದಲೇ ಮೂಡಿಬಿಟ್ಟ. ಮೊದಲ ಪಾಳಿಯವರೆಲ್ಲ ತಡವಾಗಿ ಬಂದರೆಂದು ಮೇಲಿನವರು ಮೆಮೋ ಕೊಟ್ಟರು. ನಂಬದಿದ್ದರೆ ಸೂರ್ಯನನ್ನೇ ಕೇಳಿ. ಇವತ್ತಿಗೂ ನನ್ನನ್ನು ಕಂಡರೆ ಮೋಡದ ಹಿಂದೆ ಸರಿಯುತ್ತಾನೆ.

ಊರ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಡಕ್ಟರ್ ನಾನು. ಸವೆದ ಬ್ರೇಕಿನ ಕಿರುಚು, ಮ್ಯಾನೇಜರನ ಕೆಮ್ಮು, ಡ್ರೈವರನ ಅತ್ತೆಯ ಬೈಗುಳ, ಯಾವುದು ಬೇಕೋ ಹೇಳಿ, ನನ್ನ ಗಂಟಲಲ್ಲಿದೆ. ಎಲ್ಲಕ್ಕಿಂತ ಹೆಚ್ಚು ಬೇಡಿಕೆಯದು ಗರಗಸಣ್ಣನ ದನಿ. ಅವನು ನಮ್ಮದೇ ಡಿಪೋದ ಹಿರಿಯ ಕಂಡಕ್ಟರ್. ಹಸಿ ಮರದ ದಿಮ್ಮಿಗೆ ಗರಗಸ ಹಾಕಿ, ನಡುವೆ ಮೊಳೆ ಸಿಕ್ಕಿದರೆ ಹೇಗಿರುತ್ತದೆ, ಹಾಗೆ ಅವನ ಮಾತು. ನಾನು ಆ ದನಿಯಲ್ಲಿ ಟಿಕೆಟ್ ಕೇಳಿದರೆ ಜನ ನಕ್ಕು ನಕ್ಕು ತಮ್ಮ ಸ್ಟಾಪನ್ನೇ ಮರೆಯುತ್ತಿದ್ದರು.

ಅವತ್ತು ನನ್ನ ಬಸ್ಸಿನಲ್ಲಿ ನಾನೂರು ಜನ. ಕಿಟಕಿಯಿಂದ ತೂಗಾಡುವವರನ್ನು ಎಣಿಸಿಲ್ಲ. ಮಾರುಕಟ್ಟೆಯ ಹತ್ತಿರ ಬಿಳಿ ಕೋಲಿನವನೊಬ್ಬ ಹತ್ತಿದ. ಕೋಲೆಂದರೆ ಕೋಲೇ ಅದು? ಲೈಟುಕಂಬ. ಅರ್ಧ ಬಸ್ಸಿನವರ ಮೊಣಕಾಲು ಪುಡಿಯಾಯಿತು. ಅವನು ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಎಂದು ಆಮೇಲೆ ತಿಳಿಯಿತು.

ಮುಂದಿನ ಎರಡು ಸೀಟು ಅಂಗವಿಕಲರಿಗೆ ಮೀಸಲು. ಅವರನ್ನು ಅವಮಾನಿಸಬಾರದು, ನಡುದಾರಿಯಲ್ಲಿ ಇಳಿಸಬಾರದು ಎಂಬ ಫಲಕವೂ ಅಲ್ಲೇ ಇತ್ತು. ಅದರ ಮೊಳೆಗೆ ನಾನು ಟವೆಲ್ ತೂಗುಹಾಕುತ್ತಿದ್ದೆ. ಒಂದು ಸೀಟಿನಲ್ಲಿ ಹಾರ್ಡ್‌ವೇರ್ ಅಂಗಡಿಯ ಯಜಮಾನರು, ಇನ್ನೊಂದರಲ್ಲಿ ಅವರ ಪೇಂಟ್ ಡಬ್ಬಗಳು. ಯಜಮಾನರು ನನ್ನ ದಿನನಿತ್ಯದ ಗಿರಾಕಿ. ನಾನು ಬಾಯಿ ತೆರೆಯುವ ಮೊದಲೇ ನಗಲು ಶುರುಮಾಡುವ ಪುಣ್ಯಾತ್ಮರು.

"ಸಾರ್, ಇಲ್ಲಿ ನಮಗೊಂದು ಸೀಟಿದೆಯಲ್ಲ, ಸ್ವಲ್ಪ ಬಿಡಿಸಿಕೊಡ್ತೀರಾ?" ಎಂದ ಆಪರೇಟರ್.

ನಾನು ಗರಗಸಣ್ಣನ ದನಿ ತೆಗೆದೆ. "ಎಲ್ಲಿದೆಯಪ್ಪಾ ಸೀಟು? ಕಂಡ್ರೆ ಕೂತ್ಕೋ!"

ಬಸ್ಸಿಗೆ ಬಸ್ಸೇ ನಕ್ಕಿತು.

"ನನಗೆ ಕಾಣಲ್ಲ ಸಾರ್. ನಿಮಗೆ ಕಾಣತ್ತಲ್ಲ, ಆ ಬೋರ್ಡು ಸ್ವಲ್ಪ ಓದಿ ಹೇಳಿ. ಓದೋಕೆ ಬರತ್ತಲ್ಲ?"

ಈ ಸಲ ಇನ್ನೂ ಜೋರಾಗಿ ನಕ್ಕರು. ಯಜಮಾನರಂತೂ ಡಬ್ಬ ತಟ್ಟಿಕೊಂಡು ನಕ್ಕರು. ನಾನು ಗಂಟೆಯ ಹಗ್ಗ ಎಳೆದೆ.

"ಇಳಿ, ಇಳಿ. ನಿನ್ ಸ್ಟಾಪ್ ಬಂತು," ಎಂದೆ, ಅದೇ ಗರಗಸದ ದನಿಯಲ್ಲಿ.

"ಇಷ್ಟು ಬೇಗ ಆಸ್ಪತ್ರೆ ಬಂತಾ?"

"ಹೂಂ, ಬಂತು. ರೈಟ್!"

ಇಳಿಸಿದ ಜಾಗ ಎಂಥದ್ದು ಗೊತ್ತೆ? ಹಾಸಿಗೆಯಂಥ ನೆಲ, ತಂಪು ನೆರಳು. ನನ್ನ ಹೆತ್ತ ತಾಯಿಯನ್ನೂ ಅಲ್ಲೇ ಇಳಿಸುತ್ತಿದ್ದೆ. ಅಂಥಲ್ಲೂ ಅವನು ಬಿದ್ದು ಮಣಿಕಟ್ಟು ಮುರಿದುಕೊಂಡನಂತೆ. ಹಣೆಬರಹ ಎನ್ನಬೇಕಷ್ಟೆ.

ಅವನು ದೂರು ಕೊಟ್ಟ. ಅರ್ಜಿಯಲ್ಲಿ ಬಸ್ಸಿನ ನಂಬರ್ ಬರೆಯುವ ಜಾಗ ಖಾಲಿ ಇತ್ತು. ಗುಮಾಸ್ತ ಅದನ್ನು ಮೂರು ಸಲ ವಾಪಸ್ ಕಳಿಸಿದ. "ಇಳಿದ ಮೇಲೆ ನಂಬರ್ ನೋಡ್ಕೋಬೇಕಿತ್ತು ಕಣ್ರೀ" ಎಂದನಂತೆ, ಕಣ್ಣಿಲ್ಲದವನಿಗೆ! ನಾಲ್ಕನೆಯ ಸಲ ಆಪರೇಟರ್ ದೂರು ವಿಭಾಗದ ಮೇಡಂ ಕೋಣೆಗೇ ಹೋಗಿ ಕುಳಿತ. "ನನ್ನ ಕೆಲಸವೇ ದನಿ ಗುರುತಿಸೋದು ಮೇಡಂ. ಕೇಳಿಸಿ, ಹೇಳ್ತೀನಿ."

ಆ ಹೊತ್ತಿಗೆ ಆಸ್ಪತ್ರೆಯ ಕಡೆ ಹೋಗುವ ಬಸ್ಸು ಆರು. ವಾರದ ಪಟ್ಟಿ ಹಿಡಿದು ಆರೂ ಕಂಡಕ್ಟರುಗಳನ್ನು ಕರೆಸಿದರು. ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಕೊಂಡು ಆಪರೇಟರ್ ಕುರ್ಚಿಯಲ್ಲಿ ಕೂತಿದ್ದ. ನಾವು ಸಾಲಾಗಿ ನಿಂತು ಒಬ್ಬೊಬ್ಬರೇ "ಟಿಕೆಟ್, ಟಿಕೆಟ್, ಮುಂದೆ ನಡೀರಿ" ಎನ್ನಬೇಕಿತ್ತು. ನಾನು ನಾಲ್ಕನೆಯವನು. ಹುಲಿಯ ದನಿಯಲ್ಲಿ ಹೇಳಿ ಕಟ್ಟಡವನ್ನೇ ಬೀಳಿಸಬಹುದಿತ್ತು, ಬಿಟ್ಟೆ. ನನ್ನ ಸ್ವಂತ ದನಿಯಲ್ಲಿ ಹೇಳಿದೆ. ಅದನ್ನು ನನ್ನ ಹೆಂಡತಿ ಕೂಡ ಕೇಳಿದ್ದು ಅಪರೂಪ. ಆಪರೇಟರ್ ತಲೆಯಾಡಿಸಿದ, ಇವನಲ್ಲ ಎಂದು.

ಐದನೆಯವನು ಗರಗಸಣ್ಣ. ಅವನು ಬಾಯಿ ಬಿಟ್ಟದ್ದೇ ಆಪರೇಟರ್ ಸೆಟೆದು ಕೂತ.

"ಇದೇ ದನಿ. ಆದ್ರೆ..."

"ಆದ್ರೆ ಏನು?" ಮೇಡಂ ಕೇಳಿದರು.

"ದನಿ ಇದೇ ಮೇಡಂ. ಮನುಷ್ಯ ಇವರಲ್ಲ ಅನ್ಸತ್ತೆ."

"ದನಿ ಒಂದ್ಕಡೆ, ಮನುಷ್ಯ ಒಂದ್ಕಡೆ ಇರೋಕೆ ಇದೇನು ದೆವ್ವಾನಾ?" ಎಂದ ಗುಮಾಸ್ತ. "ಹೌದು, ಇಲ್ಲ, ಎರಡರಲ್ಲಿ ಒಂದು ಹೇಳಿ. ಮೂರನೇದು ಬರೆಯೋಕೆ ಜಾಗ ಇಲ್ಲ."

ಕೊನೆಗೆ ಆಪರೇಟರ್ "ಹೌದು" ಎಂದ.

ಗರಗಸಣ್ಣ ಕೆಂಡವಾದ. ಡಿಪೋದ ಹಾಜರಿ ಪುಸ್ತಕ ತರಿಸಿದ. ಆ ದಿನ ಅವನು ತುರ್ತು ರಜೆ. ಮಗಳ ಹೆರಿಗೆಗೆ ಪಕ್ಕದ ಊರಿಗೆ ಹೋಗಿದ್ದ. ಅಲ್ಲಿಗೆ ತನಿಖೆ ಮುಗಿಯಿತು. ದೂರು ಸುಳ್ಳು, ದೂರುದಾರರ ಗುರುತಿಸುವಿಕೆ ನಂಬಲು ಯೋಗ್ಯವಲ್ಲ ಎಂದು ಆದೇಶವಾಯಿತು. ಆಪರೇಟರನ ಬಸ್ ಪಾಸ್ ಆಸ್ಪತ್ರೆಯ ಮೂಲಕ ಬಂದದ್ದರಿಂದ ಆದೇಶದ ಒಂದು ಪ್ರತಿ ಅಲ್ಲಿಗೂ ಹೋಯಿತು.

ನಾನು ಗೆದ್ದೆ. ಡಿಪೋದಲ್ಲಿ ಹತ್ತು ಸಾವಿರ ಜನ ನನ್ನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಹೇಳಿದ್ದು ಹಾರ್ಡ್‌ವೇರ್ ಯಜಮಾನರು. ಒಂದು ದಿನ ಗರಗಸಣ್ಣನ ಬಸ್ಸು ಹತ್ತಿ, "ನಿಮ್ಮ ದನಿ ಎಷ್ಟು ಚೆನ್ನಾಗಿ ತೆಗೀತಾನೆ ರೀ ಅವನು! ಆ ಕುರುಡನ್ನ ಇಳಿಸ್ದಾಗಂತೂ ನೀವೇ ನಿಂತ ಹಾಗಿತ್ತು" ಎಂದು ಹೊಗಳಿದರಂತೆ.

ಮರುದಿನ ಬೆಳಿಗ್ಗೆ ಗರಗಸಣ್ಣ ನಮ್ಮ ಮನೆ ಬಾಗಿಲಲ್ಲಿದ್ದ. ಬೈಯಲಿಲ್ಲ. ಅವನು ಬೈದಿದ್ದರೆ ಚೆನ್ನಾಗಿತ್ತು.

"ಚಪ್ಪಲಿ ಹಾಕ್ಕೊಳ್ಳೋ. ಆಸ್ಪತ್ರೆಗೆ ಹೋಗೋಣ."

"ಯಾಕಣ್ಣಾ, ಹುಷಾರಿಲ್ವಾ?"

"ನನಗಲ್ಲ. ನಿನಗೆ."

ಆಸ್ಪತ್ರೆಯ ಮೆಟ್ಟಿಲ ಕೆಳಗೆ ಕಪಾಟಿನಷ್ಟು ಅಗಲದ ಕೋಣೆ. ಫ್ಯಾನಿಗೆ ಎರಡೇ ರೆಕ್ಕೆ. ಟೆಲಿಫೋನ್ ಬೋರ್ಡಿನ ಗುಂಡಿಗಳ ಮೇಲೆ ಆಪರೇಟರ್ ತಾನೇ ಅಂಟಿಸಿಕೊಂಡ ಸಣ್ಣ ಮಣಿಗಳು. ಅವನ ಬೆರಳು ಅವುಗಳ ಮೇಲೆ ಓಡಾಡುತ್ತಿತ್ತು. ಪಕ್ಕದಲ್ಲಿ ಅವನ ಅಕ್ಕ ನಿಂತು ಒಂದು ರಟ್ಟಿನ ಪೆಟ್ಟಿಗೆಗೆ ಟೀ ಲೋಟ, ಶಾಲು, ಒಂದು ರೇಡಿಯೋ ತುಂಬುತ್ತಿದ್ದಳು.

"ಸೋಮವಾರದಿಂದ ಬೇರೆಯವರು ಬರ್ತಾರೆ," ಎಂದಳು ಅಕ್ಕ, ನಾವು ಯಾರೆಂದು ಗೊತ್ತಿಲ್ಲದೆ. "ದನಿ ತಪ್ಪಾಗಿ ಗುರುತಿಸೋನು ಎಮರ್ಜೆನ್ಸಿಲಿ ಯಾವ ಡಾಕ್ಟರಿಗೆ ಲೈನ್ ಕೊಡ್ತಾನೋ ಅಂತ ಭಯವಂತೆ ಆಸ್ಪತ್ರೆಯವರಿಗೆ. ಕೆಲಸದಿಂದ ತೆಗೆದ್ರೂ ಪರವಾಗಿಲ್ಲ. ಇವನೇ ಈಗ ತನ್ನ ಕಿವಿ ನಂಬಲ್ಲ. ನಾನು ಊಟಕ್ಕೆ ಕರೆದ್ರೆ, 'ನೀನೇನಾ ಅಕ್ಕಾ?' ಅಂತ ಕೈ ಮುಟ್ಟಿ ನೋಡ್ತಾನೆ."

"ನನ್ನ ದನಿ ಗೊತ್ತಾಯ್ತಾ ಸಾರ್?" ಎಂದ ಗರಗಸಣ್ಣ.

ಆಪರೇಟರ್ ಎದ್ದು ನಿಂತ. "ತಪ್ಪಾಯ್ತು ಸಾರ್. ನಿಮ್ಮ ಮೇಲೆ ಸುಳ್ಳು ಹೇಳಿದೆ."

"ನೀವು ಹೇಳ್ಲಿಲ್ಲ," ಎಂದು ಗರಗಸಣ್ಣ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದ. "ಮಾತಾಡೋ. ಅವತ್ತು ಹೇಗೆ ಮಾತಾಡಿದ್ಯೋ ಹಾಗೆ."

ನಾನು ಗರಗಸಣ್ಣನ ದನಿಯಲ್ಲಿ ಹೇಳಿದೆ. "ಇಳಿ, ಇಳಿ. ನಿನ್ ಸ್ಟಾಪ್ ಬಂತು."

ಅಕ್ಕನ ಕೈಯಿಂದ ಲೋಟ ಬಿತ್ತು. ಆಪರೇಟರ್ ನಿಧಾನ ಕುರ್ಚಿಯಲ್ಲಿ ಕೂತ. ಒಂದು ಗುಂಡಿ ಒತ್ತಿ, ಯಾರನ್ನೋ ಕೇಳಿ, ರಿಸೀವರನ್ನು ನನ್ನ ಕಡೆಗೆ ಚಾಚಿದ. "ದೂರು ವಿಭಾಗದ ಮೇಡಂ ಲೈನಲ್ಲಿದ್ದಾರೆ. ನನಗೆ ಹೇಳ್ಬೇಡಿ. ಅವರಿಗೆ ಹೇಳಿ."

"ಯಾರು ಮಾತಾಡ್ತಿರೋದು?" ಎಂದಿತು ಆ ಕಡೆಯ ದನಿ.

ಗಂಟಲಲ್ಲಿ ನೂರಾರು ದನಿಗಳಿದ್ದವು. ಒಂದೂ ಬರಲಿಲ್ಲ.

"ನಾನು ಮೇಡಂ. ಅವತ್ತು ಸಾಲಲ್ಲಿ ನಾಲ್ಕನೆಯವನು. ಅವರು ಗುರುತು ಹಿಡಿದದ್ದು ಸರಿಯಾಗೇ ಇತ್ತು, ಆ ದನೀಲಿ ಮಾತಾಡಿದ್ದು ನಾನು."

"ಬಸ್ಸು ತುಂಬಿತ್ತಾ?"

"ಇಲ್ಲ ಮೇಡಂ. ಹನ್ನೊಂದು ಜನ. ಅವರ ಸೀಟಲ್ಲಿ ಪೇಂಟ್ ಡಬ್ಬ ಇತ್ತು."

"ಇಳಿಸಿದ್ದು ಎಲ್ಲಿ?"

"ಸೇತುವೆ ಹತ್ತಿರ. ಅಲ್ಲಿ ಸ್ಟಾಪಿಲ್ಲ. ಪೈಪಿಗೆ ಗುಂಡಿ ತೋಡಿದ್ರು. ನನಗೆ ಗೊತ್ತಿತ್ತು."

"ಯಾಕ್ರೀ? ಏನು ಮಾಡಿದ್ರು ಅವರು ನಿಮಗೆ?"

ಆಪರೇಟರ್ ನನ್ನ ಉತ್ತರಕ್ಕೆ ಕಿವಿಕೊಟ್ಟು ಕೂತಿದ್ದ.

"ಏನೂ ಇಲ್ಲ ಮೇಡಂ," ಎಂದೆ. "ನನಗಿಂತ ಚೆನ್ನಾಗಿ ನಗಿಸಿದ್ರು."