ಮೂರನೆಯವನಿಗಾಗಿ ಹುಟ್ಟಿದ ಹಾಳೆ

ನಾನು ಒಂದು ವಿಮಾಪತ್ರ. ಹುಟ್ಟಿದವರಾರಿಗೂ ತಮ್ಮ ಕೊನೆಯ ಗಳಿಗೆ ತಿಳಿದಿರುವುದಿಲ್ಲ, ನನಗೆ ತಿಳಿದಿತ್ತು. ನಾನು ಆರಂಭವಾಗುವ ದಿನವೂ ಮುಗಿಯುವ ದಿನವೂ ನನ್ನ ನೆತ್ತಿಯ ಬಲಮೂಲೆಯಲ್ಲಿ ಒಂದೇ ಸಾಲಿನಲ್ಲಿ ಅಚ್ಚಾಗಿದ್ದವು. ಮನುಷ್ಯರ ಹಣೆಬರಹವನ್ನು ವಿಧಾತನು ಯಾರಿಗೂ ಕಾಣದ ಲಿಪಿಯಲ್ಲಿ ಬರೆಯುತ್ತಾನೆಂದು ಹಿರಿಯರು ಹೇಳುತ್ತಾರೆ. ನನ್ನದನ್ನು ಗುಳೇದಗುಡ್ಡದ ಬಸ್‌ಸ್ಟ್ಯಾಂಡಿನ ಓಣಿಯಲ್ಲಿದ್ದ ಒಂದು ಪ್ರಿಂಟರು ಎಲ್ಲರಿಗೂ ಕಾಣುವಂತೆ ಬರೆಯಿತು.

ಅದಕ್ಕೂ ಮೊದಲು ನಾನು ಬರಿಯ ಬಿಳಿಯ ಹಾಳೆ. ಕಲ್ಲಪ್ಪ ಮಾಸ್ತರರ ಪ್ರಿಂಟರಿನ ತಟ್ಟೆಯಲ್ಲಿ ನೂರಾರು ಸೋದರರ ನಡುವೆ ಮಲಗಿದ್ದೆ. ಮಾಸ್ತರರು ಶಾಲೆಯಿಂದ ನಿವೃತ್ತರಾದ ಮೇಲೆ ವಿಮೆಯ ಏಜೆಂಟರಾಗಿದ್ದರು. ಹಾಳೆಗೂ ಕಣ್ಣು ಕಿವಿಗಳಿರುತ್ತವೆ. ನನ್ನ ಜನ್ಮಕ್ಕೆ ಕಾರಣವಾದ ಮಾತುಗಳನ್ನು ನಾನು ಹುಟ್ಟುವ ಮೊದಲೇ ಕೇಳಿದೆ.

ಒಂದು ಮುಂಜಾನೆ ತಾಯಿ ಮಗಳಿಬ್ಬರು ಬಂದರು. ತಾಯಿ ನೀಲವ್ವ, ಕುಪ್ಪಸ ಹೊಲಿಸುವ ಖಣದ ಬಟ್ಟೆಯನ್ನು ಕೈಮಗ್ಗದಲ್ಲಿ ನೇಯುವವಳು. ಮಗಳು ಬನಶಂಕರಿ, ಇಪ್ಪತ್ತೊಂದರ ಪ್ರಾಯದವಳು. ಅಲ್ಲಿಯವರೆಗೆ ಇವರ ಖಣಗಳು ಮೂವರು ದಲ್ಲಾಳಿಗಳ ಕೈ ದಾಟಿ ಅಂಗಡಿ ಸೇರುತ್ತಿದ್ದವು. ತಾನೇ ಕೊಂಡೊಯ್ದು ಮಾರುವೆನೆಂದು ಬನಶಂಕರಿ ಕಾರು ನಡೆಸಲು ಕಲಿತಳು. ಬಾಗಲಕೋಟೆಯ ವೈದ್ಯರೊಬ್ಬರ ಹಳೆಯ ಬಿಳಿ ಕಾರನ್ನು ಕೊಂಡಳು. ಬಾದಾಮಿಯ ಅಂಗಡಿಕಾರರು ದೀಪಾವಳಿಗೆ ಮುನ್ನೂರು ಖಣ ಕೇಳಿದ್ದರು. ಆದರೆ ವೈದ್ಯರ ವಿಮೆ ಆ ತಿಂಗಳಲ್ಲೇ ಮುಗಿದಿತ್ತು. ಕಾರು ಬೇವಿನ ಮರದಡಿ, ಹಳೆಯ ಸೀರೆ ಹೊದ್ದು ನಿಂತಿತ್ತು. ಹಬ್ಬದೊಳಗೆ ಮಾಲು ಮುಟ್ಟದಿದ್ದರೆ ಬೇಡಿಕೆ ಪವರ್‌ಲೂಮಿನವರ ಪಾಲಾಗುವುದು ಖಚಿತವಾಗಿತ್ತು.

"ಲೈಸೆನ್ಸ್ ಆಗಿ ಎಷ್ಟ ದಿನಾ ಆತು, ತಂಗಿ?" ಮಾಸ್ತರರು ಕೇಳಿದರು.

"ಹದಿನೇಳು ದಿನಾ ಆತ್ರೀ."

"ಹದಿನೇಳು! ಕೂಸಿನ ಹೊಕ್ಕಳಾ ಈಗ ಉದುರೇತಿ ಅನ್ನು."

ನೀಲವ್ವ ಸುಮ್ಮನಿರಲಿಲ್ಲ. "ಅದನ್ನ್ಯಾಕ ಕೇಳ್ತೀರಿ ಮಾಸ್ತರ, ಲಾಳಿ ಒಗದಂಗ ಸ್ಟೇರಿಂಗ್ ಒಗೀತಾಳ. ಒಳಗ ಕುಂತ್ರ ನನ್ನ ಜೀವಾ ಎಡಕ್ಕೊಮ್ಮೆ ಬಲಕ್ಕೊಮ್ಮೆ."

"ಬೇ, ಸುಮ್ನಿರು," ಎಂದ ಬನಶಂಕರಿ ಮಾಸ್ತರರ ಕಡೆ ತಿರುಗಿದಳು. "ಡಾಕ್ಟ್ರು ಹತ್ತು ವರ್ಷ ಹೊಡದ್ರೂ ಗಾಡಿಗೆ ಒಂದ ಗೀರು ಬಿದ್ದಿಲ್ರೀ. ಅದರ ಬೋನಸ್ ಐತಂತಲ್ಲ, ಅದು ನನಗ ಬಂದ್ರ ಫುಲ್ ಇನ್ಶುರನ್ಸ್ ಅಗ್ಗಕ್ಕ ಆಗ್ತೈತಲ್ರೀ?"

ಮಾಸ್ತರರು ನಕ್ಕರು. "ಅವ್ವಾ, ಡಾಕ್ಟ್ರು ನಿನಗ ಗಾಡಿ ಮಾರ್ಯಾರ, ಪುಣ್ಯಾ ಮಾರಿಲ್ಲ. ಅದು ಅವರ ಬೆನ್ನ ಹತ್ತಿ ಅವರ ಹೊಸಾ ಗಾಡಿಗೆ ಹೋತು. ನಿನ್ನದು ನೀನ ಗಳಿಸ್ಬೇಕು."

ತಟ್ಟೆಯಲ್ಲಿ ಮಲಗಿದ್ದ ನಾನು ಬೆರಗಾದೆ. ದೇಹವನ್ನು ರಥವೆಂದೂ ಒಳಗಿರುವವನನ್ನು ರಥಿಕನೆಂದೂ ಪ್ರಾಚೀನರು ಕಂಡರು. ರಥ ಕೈ ಬದಲಾದರೂ ಸುಕೃತವು ರಥಿಕನನ್ನೇ ಹಿಂಬಾಲಿಸುತ್ತದೆಯೆಂಬ ಆ ಸೂಕ್ಷ್ಮವು ಬಸ್‌ಸ್ಟ್ಯಾಂಡಿನ ಓಣಿಯ ವ್ಯವಹಾರದಲ್ಲೂ ಜೀವಂತವಾಗಿತ್ತು!

ಪೂರ್ಣ ವಿಮೆಯ ಮೊತ್ತ ಹೇಳಿದಾಗ ತಾಯಿ ಮಗಳು ಮುಖ ನೋಡಿಕೊಂಡರು. ಅದು ಎರಡು ತಿಂಗಳು ಮಗ್ಗದ ಮುಂದೆ ಕುಳಿತ ದುಡಿಮೆ. ಮಾಸ್ತರರು ಧ್ವನಿ ಇಳಿಸಿದರು. "ಥರ್ಡ್ ಪಾರ್ಟಿ ಒಂದ ಮಾಡ್ಸು. ಅದರ ದರಾ ಸರ್ಕಾರ ನಿಗದಿ ಮಾಡೇತಿ. ಹದಿನೇಳು ದಿನದ ಡ್ರೈವರಿಗೂ ಅಷ್ಟ, ನಲವತ್ತು ವರ್ಷದಾವಗೂ ಅಷ್ಟ. ಆದ್ರ ನೆನಪಿಟ್ಟಕೋ, ನಿನ್ನ ಗಾಡಿಗೆ ಏನರ ಆದ್ರ ಅದರಾಗ ಒಂದ ಪೈಸೆ ಬರೂದಿಲ್ಲ."

"ಮತ್ತ ಯಾರಿಗೆ ಬರ್ತೈತ್ರೀ?"

"ನಿನ್ನ ಗಾಡಿ ಯಾರಿಗೆ ಬಡೀತೈತಿ, ಅವರಿಗೆ."

ನೀಲವ್ವನಿಗೆ ಇದು ವಿಚಿತ್ರವೆನಿಸಿತು. "ನಮಗ ಬರದಿದ್ದಕ್ಕ ನಾವ್ಯಾಕ ಇಷ್ಟ ಕೊಡೂದು? ಆರ್‌ಟಿಓ ಹೊರಗ ಚಾದಂಗಡ್ಯಾಗ ಒಬ್ಬಾಂವ ಇದರ ನಾಕನೇ ಪಾಲಿಗೆ ಮಾಡ್ಕೊಡ್ತೇನಂದಾನ. ನೋಡಾಕ ಇಂಥಾದ್ದ ಪೇಪರ್. ಪೊಲೀಸರು ಏನ್ ಕುಂತು ಓದ್ತಾರೇನು?"

ಬನಶಂಕರಿ ತಲೆ ತಗ್ಗಿಸಿದಳು. ಆ ಮನುಷ್ಯನ ಫೋನ್ ನಂಬರು ಅವಳ ಮುಷ್ಟಿಯೊಳಗೆ, ಮಡಚಿದ ಚೀಟಿಯಲ್ಲಿತ್ತು.

ಮಾಸ್ತರರು ಸಿಟ್ಟಾಗಲಿಲ್ಲ. "ನೀಲವ್ವ, ನಿನ್ನ ಖಣಾ ನೋಡಿ ಮಷಿನ್ಯಾಗ ಅಂಥಾದ್ದ ಮಾಡಿ ಮಾರ್ತಾರಲ್ಲ, ಹೆಂಗಿರ್ತೈತಿ?"

"ನೋಡಾಕ ಒಂದ. ನೀರಿಗೆ ಹಾಕಿದ್ರ ಬಣ್ಣಾ ಬಿಡ್ತೈತಿ."

"ಇದೂ ಹಂಗ. ಪೊಲೀಸರ ಮುಂದ ಬಣ್ಣಾ ಬಿಡೂದಿಲ್ಲ. ಬಿದ್ದಾವನ ಮುಂದ ಬಿಡ್ತೈತಿ."

"ಬಿದ್ದಾಂವ ಅಂದ್ರ ಯಾರ್ರೀ?" ಬನಶಂಕರಿ ಕೇಳಿದಳು.

"ಯಾರಿಗ್ಗೊತ್ತವ್ವ? ಅವಗೂ ಗೊತ್ತಿಲ್ಲ. ಈಗ ಎಲ್ಲ್ಯೋ ಚಾ ಕುಡಿಯಾಕತ್ತಿರಬೇಕು."

ಬನಶಂಕರಿ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದಳು. "ಥರ್ಡ್ ಪಾರ್ಟಿ ಬರೀರಿ ಮಾಸ್ತರ," ಎಂದಳು.

ಹೀಗೆ ನಾನು ಹುಟ್ಟಿದೆ. ಯಂತ್ರದ ಬಿಸಿ ಉರುಳೆಗಳ ನಡುವೆ ಹಾದು ಬರುವಾಗ ಅಕ್ಷರಗಳು ಒಂದೊಂದಾಗಿ ನನ್ನ ಮೈಮೇಲೆ ಇಳಿದವು. ಅಕ್ಟೋಬರ್ ಹದಿನಾಲ್ಕರ ಸೊನ್ನೆ ಗಂಟೆಯಿಂದ ಮುಂದಿನ ವರ್ಷ ಅಕ್ಟೋಬರ್ ಹದಿಮೂರರ ನಡುರಾತ್ರಿಯವರೆಗೆ ನನ್ನ ಆಯುಸ್ಸು. ನನ್ನಲ್ಲಿ ಬನಶಂಕರಿಯ ಹೆಸರಿತ್ತು, ಕಾರಿನ ಸಂಖ್ಯೆಯಿತ್ತು, ಕಂಪನಿಯ ಮುದ್ರೆಯಿತ್ತು. ಯಾರಿಗಾಗಿ ನಾನು ಹುಟ್ಟಿದೆನೋ ಆ ಮೂರನೆಯವನ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಪಿತೃಗಳಿಗೆ ನೀರು ಬಿಡುವವನು ತನ್ನವರ ಹೆಸರುಗಳೆಲ್ಲ ಮುಗಿದ ಮೇಲೆ, ಯಾರೂ ಇಲ್ಲದವರಿಗೆಂದು, ಹೆಸರು ತಿಳಿಯದವರಿಗೆಂದು ಕೊನೆಯ ಬೊಗಸೆಯೊಂದನ್ನು ಬಿಡುತ್ತಾನಷ್ಟೆ. ನಾನು ಆ ಕೊನೆಯ ಬೊಗಸೆಯಂಥವನು.

ಮರುದಿನ ಕಾರಿಗೆ ಪೂಜೆ. ನಾಲ್ಕು ಚಕ್ರಗಳಡಿ ನಿಂಬೆಹಣ್ಣು. ಮನೆಗೆ ಬಂದ ಯಾವ ಹೊಸ ಕಾಗದವನ್ನೂ ಪೂಜಿಸದೆ ಬಳಸುವುದು ನೀಲವ್ವನ ಸಂಪ್ರದಾಯವಲ್ಲ. ಅವಳು ನನ್ನನ್ನು ಜಗುಲಿಯ ಮೇಲೆ ದೇವರ ಮುಂದೆ ಹಾಸಿ, ನಾಲ್ಕೂ ಮೂಲೆಗಳಿಗೆ ಹಸಿ ಅರಿಶಿನ ಹಚ್ಚಿ, ಅದರ ಮೇಲೆ ಹೆಬ್ಬೆರಳಿನಿಂದ ಕುಂಕುಮ ಒತ್ತಿದಳು. ಬಲಮೂಲೆಯಲ್ಲಿ ಬೆರಳು ತುಸು ಭಾರವಾಗಿಯೇ ಬಿತ್ತು. ನನ್ನ ಕೊನೆಯ ದಿನಾಂಕ ಕುಂಕುಮದ ಅಡಿಯಲ್ಲಿ ಮುಳುಗಿಹೋಯಿತು. ಅವಳಿಗೆ ಓದು ಬಾರದು, ಆದ್ದರಿಂದ ತಿಳಿಯಲಿಲ್ಲ. ನನ್ನ ಮರಣದ ಮೇಲೆ ಮಂಗಲದ್ರವ್ಯವನ್ನು ಇಟ್ಟ ಆ ತಾಯಿಗೆ ನಾನು ಮನಸ್ಸಿನಲ್ಲೇ ನಮಸ್ಕರಿಸಿದೆ.

ಮುನ್ನೂರು ಖಣ ಹಬ್ಬಕ್ಕೆ ನಾಲ್ಕು ದಿನ ಮೊದಲೇ ಬಾದಾಮಿ ಮುಟ್ಟಿತು.

ಆಮೇಲೆ ನನ್ನ ವಾಸ ಕಾರಿನ ಮುಂಭಾಗದ ಪೆಟ್ಟಿಗೆಯಲ್ಲಿ, ಒಂದು ಬಾಚಣಿಗೆ ಮತ್ತು ಹುಣಸೆ ಚಿಗಳಿಯ ಪೊಟ್ಟಣದ ಜೊತೆ. ಮೊದಲ ತಿಂಗಳು ಏರು ಸಿಕ್ಕಲ್ಲೆಲ್ಲ ಕಾರು ಬಂದಾಗಿ ನಿಲ್ಲುತ್ತಿತ್ತು. ಹಿಂದಿನ ಲಾರಿಯವನು ಹಾರ್ನು ಬಾರಿಸುತ್ತಿದ್ದ, ಬನಶಂಕರಿ "ಏ ಅಣ್ಣಾ, ನಿಮ್ಮವ್ವನ ಹೊಟ್ಟ್ಯಾಗಿಂದ ಗೇರ್ ಹಾಕ್ಕೋಂತ ಬಂದಿಯೇನು?" ಎಂದು ಕಿಟಕಿಯಿಂದ ಕೂಗುತ್ತಿದ್ದಳು. ಮಳೆಗಾಲದ ಹೊತ್ತಿಗೆ ಅವಳ ಕೈ ಪಳಗಿತು. ಕೆರೂರು, ಬಾದಾಮಿ, ಬಾಗಲಕೋಟೆಯ ಅಂಗಡಿಗಳಿಗೆ ಖಣಗಳು ದಲ್ಲಾಳಿಯಿಲ್ಲದೆ ತಲುಪಿದವು. ನೀಲವ್ವನೂ ಒಮ್ಮೊಮ್ಮೆ ಬಂದು ಕಣ್ಣು ಮುಚ್ಚಿಕೊಳ್ಳದೆ ಕೂರುತ್ತಿದ್ದಳು.

ನಾನಾದರೋ ಕತ್ತಲಲ್ಲಿ ಒಂದನ್ನೇ ಧ್ಯಾನಿಸುತ್ತಿದ್ದೆ. ಹೊರಗೆ ಸೈಕಲ್ ಗಂಟೆ ಕೇಳಿದರೆ, ಇವನೇ ಆ ಮೂರನೆಯವನೋ? ಕುರಿಗಾಹಿ ಕೂಗಿದರೆ, ಇವನೋ? ಶಾಲೆಯ ಮಕ್ಕಳ ಗದ್ದಲವಾದರೆ, ಇವರಲ್ಲೊಬ್ಬರೋ? ಯಾರೂ ಆಗದಿರಲಿ ಎಂದು ಬೇಡುತ್ತಿದ್ದೆ. ಯಾರೇ ಆದರೂ ಅವನಿಗೆ ನಾನು ಸಲ್ಲುವಂತಾಗಲಿ ಎಂದೂ ಬೇಡುತ್ತಿದ್ದೆ. ಕಂಡ ಪ್ರತಿಯೊಬ್ಬನಲ್ಲೂ ಒಬ್ಬನನ್ನೇ ಕಾಣಬೇಕೆಂದು ಜ್ಞಾನಿಗಳು ವರ್ಷಗಟ್ಟಲೆ ಸಾಧನೆ ಮಾಡುತ್ತಾರೆ. ಅದನ್ನು ನನಗೆ ನನ್ನ ಹುಟ್ಟೇ ಕೊಟ್ಟಿತ್ತು.

ನನ್ನ ಕೊನೆಯ ದಿನ ಬಂತು. ಅಕ್ಟೋಬರ್ ಹದಿಮೂರು. ಸಂಜೆ ಮಾಸ್ತರರಲ್ಲಿಗೆ ಹೋಗಿ ಹೊಸ ಪತ್ರ ಬರೆಸಲೆಂದು ಬನಶಂಕರಿ ಹಣವನ್ನು ಕರವಸ್ತ್ರದಲ್ಲಿ ಕಟ್ಟಿಟ್ಟಿದ್ದಳು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಾದಾಮಿಯಿಂದ ಮರಳುವಾಗ ಮಂಗವೊಂದು ಮರಿಯನ್ನು ಅವಚಿಕೊಂಡು ರಸ್ತೆಗೆ ಹಾರಿತು. ಅವಳು ಎಡಕ್ಕೆ ತಿರುಗಿಸಿದಳು. ಒಂದು ಪೆಟ್ಟು. ಅದರ ಹಿಂದೆಯೇ ಬಿಗಿದ ತಂತಿ ಕಡಿದಂತೆ ಒಂದು ದೀರ್ಘವಾದ ಝೇಂಕಾರ.

ಬಿದ್ದವನು ದಾವಲಸಾಬ ಪಿಂಜಾರ. ಊರೂರು ನಡೆದು, ಹತ್ತಿ ಹಿಂಜಿ, ಗಾದಿ ತುಂಬಿಕೊಡುವವನು. ಕಡಿದದ್ದು ಅವನ ಹೆಗಲ ಮೇಲಿದ್ದ ಹತ್ತಿ ಹಿಂಜುವ ಬಿಲ್ಲಿನ ಹೆದೆ. ಬಲಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ಬನಶಂಕರಿ ಓಡಿಹೋಗಲಿಲ್ಲ. ದಾರಿಯವರನ್ನು ಕರೆದು ಅವನನ್ನು ಹಿಂದಿನ ಸೀಟಿನಲ್ಲಿ, ಖಣಗಳ ಗಂಟಿನ ಮೇಲೆ ಕಾಲಿರಿಸಿ ಮಲಗಿಸಿದಳು.

"ಕಾಕಾ, ಕಣ್ಣ ಮುಚ್ಚಬ್ಯಾಡ್ರಿ. ನನ್ನ ಜೋಡಿ ಮಾತಾಡ್ರಿ."

"ಬಿಲ್ಲ ತಗೊಂಡಿಯೇನವ್ವ?" ಎಂದ ಅವನು.

"ತಗೊಂಡೇನ್ರೀ."

"ಹಂಗಾರ ಸಾವಕಾಶ ನಡಸು. ಗಡಿಬಿಡಿ ಮಾಡಿ ಇನ್ನೊಬ್ಬರಿಗೆ ಹಾಯಿಸಿಗೀಯಿಸೀಯಾ."

ಅವಳು ಅಳುತ್ತಲೇ ನಕ್ಕಳು. ಪೆಟ್ಟಿಗೆಯೊಳಗಿದ್ದ ನಾನು ಆ ಧ್ವನಿಯನ್ನು ಕೇಳಿದೆ. ಒಂದು ವರ್ಷ ನಾನು ಧ್ಯಾನಿಸಿದ್ದು ಇವನನ್ನೇ. ಪ್ರಾಣ ಹೋಗುವ ನೋವಿನಲ್ಲೂ ಇನ್ನೊಬ್ಬ ಮೂರನೆಯವನ ಚಿಂತೆ ಮಾಡುವವನು!

ಆಸ್ಪತ್ರೆಯಿಂದ ಅವಳು ಠಾಣೆಗೆ ಹೋಗಿ ನಡೆದುದನ್ನು ಹೇಳಿ ನನ್ನನ್ನು ಒಪ್ಪಿಸಿದಳು. ಪೊಲೀಸರ ಕೈಯಿಂದ ನಾನು ಜಿಲ್ಲಾ ಕೇಂದ್ರದ ನ್ಯಾಯಾಲಯಕ್ಕೆ ಬಂದೆ. ಆ ನಡುರಾತ್ರಿಯೇ ನನ್ನ ಆಯುಸ್ಸು ತೀರಿತ್ತು. ಆದರೂ ನನ್ನ ನಿಜವಾದ ಕೆಲಸ ಆಮೇಲೆಯೇ ಆರಂಭವಾಯಿತು.

ಒಂದೂವರೆ ವರ್ಷದ ಮೇಲೆ ವಿಚಾರಣೆ. ದಾವಲಸಾಬನ ಮೂಳೆ ಕೂಡಿದ್ದರೂ ಊರೂರು ನಡೆಯುವ ಕಾಲು ಅದಾಗಿರಲಿಲ್ಲ. ಪರಿಹಾರ ಸಿಗದಿದ್ದರೆ ಅವನ ಅನ್ನ ಅಲ್ಲಿಗೇ ನಿಲ್ಲುತ್ತಿತ್ತು. ಅದನ್ನು ಬನಶಂಕರಿಯೇ ಕೊಡಬೇಕಾಗಿ ಬಂದರೆ ಕಾರಿನೊಂದಿಗೆ ಮಗ್ಗವೂ ಮಾರಿಹೋಗುತ್ತಿತ್ತು. ಕಂಪನಿಯ ವಕೀಲರು ನನ್ನನ್ನು ಬೆಳಕಿಗೆ ಹಿಡಿದರು.

"ಸ್ವಾಮಿ, ಇದರಲ್ಲಿ ಮುಗಿಯುವ ದಿನಾಂಕವೇ ಕಾಣುವುದಿಲ್ಲ. ಬೇಕೆಂದೇ ಅಳಿಸಿರಬಹುದು. ಅಪಘಾತದ ದಿನ ವಿಮೆ ಇತ್ತೆಂದು ಹೇಗೆ ನಂಬುವುದು?"

ನ್ಯಾಯಾಧೀಶರು ಕೇಳಿದರು. "ಏನಮ್ಮಾ ಇದು ಕೆಂಪು ಕಲೆ?"

"ಕುಂಕುಮಾರೀ ಸಾಹೇಬ್ರ," ಎಂದಳು ಬನಶಂಕರಿ. "ನಮ್ಮವ್ವ ಪೂಜಾ ಮಾಡ್ಯಾಳ್ರೀ."

ಹಿಂದಿನ ಬೆಂಚಿನಿಂದ ನೀಲವ್ವ ಎದ್ದು ನಿಂತಳು. "ಅಕೀದೇನೂ ತಪ್ಪಿಲ್ರೀ ಯಪ್ಪಾ. ದೇವರ ಮುಂದ ಇಟ್ಟಿದ್ದಕ್ಕ ಖರೇ ಪೇಪರ್ ಸುಳ್ಳಾಗ್ತೈತೇನ್ರೀ?"

ನಗೆ ಹರಡಿತು. ನ್ಯಾಯಾಧೀಶರು ನಗಲಿಲ್ಲ. ಕಂಪನಿಯ ಮೂಲ ದಾಖಲೆಯನ್ನು ತರಲು ಹೇಳಿದರು.

ಮುಂದಿನ ವಾಯಿದೆಯ ದಿನದವರೆಗೆ ನಾನು ಕಡತದೊಳಗೆ ಕಾದೆ. ಚಾದಂಗಡಿಯ ಆ ಅಗ್ಗದ ಹಾಳೆಯನ್ನು ನೆನೆದೆ. ಅದು ನನ್ನಂತೆಯೇ ಇರುತ್ತಿತ್ತು, ಅರಿಶಿನವೂ ಅದಕ್ಕೆ ಅಷ್ಟೇ ಚೆನ್ನಾಗಿ ಹತ್ತುತ್ತಿತ್ತು. ಆದರೆ ಅದರ ಬೇರು ಯಾವ ಕಂಪನಿಯ ದಾಖಲೆಯಲ್ಲೂ ಇರುತ್ತಿರಲಿಲ್ಲ. ಆ ದಿನ ಬಂದಾಗ ವಕೀಲರು ತಾವೇ ತಂದ ಪ್ರತಿಯನ್ನು ಓದಿದರು. ಅಕ್ಟೋಬರ್ ಹದಿಮೂರರ ನಡುರಾತ್ರಿಯವರೆಗೆ. ಅಪಘಾತವಾದದ್ದು ಅಂದು ಬೆಳಿಗ್ಗೆ ಹನ್ನೊಂದಕ್ಕೆ. "ವಿಮೆ ಜಾರಿಯಲ್ಲಿತ್ತು, ಸ್ವಾಮಿ," ಎಂದು ಅವರೇ ಹೇಳಿ ಕುಳಿತರು.

ಪರಿಹಾರದ ಆಜ್ಞೆಯಾಯಿತು. ಆ ಹಣ ಎಲ್ಲಿಂದ ಬಂತೆಂದು ಯೋಚಿಸಿದರೆ ನನಗೆ ಇಂದಿಗೂ ರೋಮಾಂಚನವಾಗುತ್ತದೆ. ಕಂಡರಿಯದ ಊರುಗಳ ಸಾವಿರಾರು ಜನ, ತಮಗೆ ಬಾರದ ಹಣವೆಂದು ಗೊಣಗುತ್ತಲೇ ಕೊಟ್ಟ ಪಾಲು ಕೂಡಿ ದಾವಲಸಾಬನ ಕಾಲಾಯಿತು. ಕೊಟ್ಟವರಿಗೆ ಅವನು ತಿಳಿಯದು, ಪಡೆದವನಿಗೆ ಅವರು ತಿಳಿಯರು. ದಾನಗಳಲ್ಲಿ ಶ್ರೇಷ್ಠವಾದುದು ಹೀಗಿರಬೇಕೆಂದು ಶಾಸ್ತ್ರಕಾರರು ಬಯಸಿದರು. ಅದು ದಿನವೂ ರಸ್ತೆಯ ಮೇಲೆ, ಯಾರ ಅರಿವಿಗೂ ಬಾರದೆ ನಡೆಯುತ್ತಿದೆ.

ಅಂದು ಹೊರಗಿನ ಮೊಗಸಾಲೆಯಲ್ಲಿ ಗುಮಾಸ್ತರು ಕಡತ ಜೋಡಿಸುತ್ತಿದ್ದರು. ಕೋಲೂರಿಕೊಂಡು ಬಂದ ದಾವಲಸಾಬ ನನ್ನ ಮೇಲೆ ಬೆರಳಿಟ್ಟ. ಹತ್ತಿಯ ಎಳೆಗಳನ್ನು ಬಲ್ಲ, ಹಗುರವಾದ ಬೆರಳು.

"ಇದರಾಗ ನನ್ನ ಹೆಸರ ಎಲ್ಲೈತವ್ವ?"

"ಇಲ್ರೀ ಕಾಕಾ," ಎಂದಳು ಬನಶಂಕರಿ.

"ಮತ್ತ ನನಗ್ಯಾಕ ಬಂತು?"

ಅವಳು ನನ್ನ ಆರಂಭದ ದಿನಾಂಕವನ್ನು ನೋಡಿ ಕೇಳಿದಳು. "ಇದನ್ನ ಬರಸಿದ್ದು ನಿಮಗ ಗಾಡಿ ಬಡದದ್ದರ ಹಿಂದಿನ ವರ್ಷರೀ, ದೀಪಾವಳಿ ಮುಂದ. ಆವಾಗ ನೀವ ಎಲ್ಲಿದ್ರಿ?"

"ಯಾರಿಗ್ ನೆನಪೈತಿ? ಯಾವುದರ ಊರಾಗ, ಯಾರದರ ಕಟ್ಟೀಮ್ಯಾಲ ಕುಂತು ಚಾ ಕುಡಿಯಾಕತ್ತಿದ್ದೆ ಇರಬೇಕು."

ಬನಶಂಕರಿ ಕಣ್ಣೊರೆಸಿಕೊಂಡಳು. ಅವಳೇಕೆ ಅತ್ತಳೆಂದು ಅವನಿಗೆ ತಿಳಿಯಲಿಲ್ಲ.

ಈಗ ನಾನು ದಾಖಲೆಕೋಣೆಯ ಮೇಲಿನ ಅಟ್ಟದಲ್ಲಿ, ಕೆಂಪು ಬಟ್ಟೆಯ ಗಂಟಿನಲ್ಲಿದ್ದೇನೆ. ಅಂಚು ಹಳದಿಗಟ್ಟಿದೆ, ಅರಿಶಿನ ಎಲ್ಲಿ ಮುಗಿದು ಮುಪ್ಪು ಎಲ್ಲಿ ತೊಡಗಿತೆಂದು ಹೇಳಲಾರೆ. ದಾವಲಸಾಬ ಬಸ್‌ಸ್ಟ್ಯಾಂಡಿನ ಬಳಿ ಕುಳಿತು ನಡೆಸುವ ಗಾದಿ ಅಂಗಡಿ ಇಟ್ಟಿದ್ದಾನೆಂದೂ, ಬನಶಂಕರಿಯ ಕಾರು ವಾರಕ್ಕೊಮ್ಮೆ ಅದರ ಮುಂದೆ ನಿಲ್ಲುತ್ತದೆಂದೂ ಗುಮಾಸ್ತರಿಬ್ಬರು ಮಾತಾಡಿಕೊಂಡದ್ದು ಕಿವಿಗೆ ಬಿದ್ದಿತು. ನಾನು ಹುಟ್ಟುವಾಗ ನನ್ನಲ್ಲಿ ಬಿಟ್ಟುಹೋಗಿದ್ದ ಹೆಸರು ಈಗ ನನ್ನ ಕೆಳಗಿನ ಹಾಳೆಯಲ್ಲಿದೆ, ತೀರ್ಪಿನ ಮೊದಲ ಸಾಲಿನಲ್ಲಿ. ಗುಮಾಸ್ತರು ದಬ್ಬಳದಿಂದ ನಮ್ಮಿಬ್ಬರಿಗೂ ಒಂದೇ ರಂಧ್ರ ಕೊರೆದು, ಒಂದೇ ದಾರ ಪೋಣಿಸಿ ಗಂಟು ಹಾಕಿದ್ದಾರೆ.